ಮುನ್ನೂರು ಪ್ರತಿ, ಮುನ್ನೂರು ಗ್ರಾಂ

ಕನ್ನಡ ಪುಸ್ತಕ ಬಿಡುಗಡೆಯ ಯಾವ ಸಭೆಗೆ ಹೋದರೂ ಒಬ್ಬರಾದರೂ ‘ಈಗ ಓದೋರು ಎಲ್ಲಿದ್ದಾರೆ?’ ಎಂದು ಕೇಳಿಯೇ ಕೇಳುತ್ತಾರೆ. ಮೊಬೈಲಿಗೆ ಬೈಗುಳ, ಇಂಗ್ಲಿಷ್ ಮಾಧ್ಯಮಕ್ಕೆ ಬೈಗುಳ, ಕಡೆಗೆ ದುಡ್ಡು ಕೊಟ್ಟು ಪುಸ್ತಕ ಕೊಂಡು ಮುಂದಿನ ಸಾಲಿನಲ್ಲಿ ಕೂತವರಿಗೂ ಒಂದಿಷ್ಟು ಬೈಗುಳ. ಓದುವ ಆಸೆ ಹೆಚ್ಚಿದೆಯೋ ಬತ್ತಿದೆಯೋ ಅಳೆಯುವುದು ಸುಲಭವಲ್ಲ. ಆದರೆ ಅಚ್ಚಿನ ಮನೆಯಿಂದ ಓದುಗರ ಕೈವರೆಗಿನ ದಾರಿ ಎಲ್ಲೆಲ್ಲಿ ಕಿತ್ತುಹೋಗಿದೆ ಎಂಬುದನ್ನು ಪೆನ್ಸಿಲ್ಲು ಹಿಡಿದು ಲೆಕ್ಕ ಹಾಕಬಹುದು. ಆ ಲೆಕ್ಕ ನೋಡಿದ ಮೇಲೆ ಓದುಗರನ್ನು ಬೈಯಲು ಬಾಯಿ ಬರುವುದಿಲ್ಲ.

ಲೆಕ್ಕಕ್ಕೆ ಒಂದು ಪುಸ್ತಕ ಬೇಕು. 208 ಪುಟದ ಕಾದಂಬರಿ ಎಂದುಕೊಳ್ಳೋಣ. ಡೆಮಿ 1/8 ಅಳತೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದ, 500 ಪ್ರತಿ, ಮುಖಬೆಲೆ 250 ರೂಪಾಯಿ. ಬರೆದವರು ಭಾರಿ ಹೆಸರಾದವರಲ್ಲ, ತೀರಾ ಹೊಸಬರೂ ಅಲ್ಲ. ಕನ್ನಡದಲ್ಲಿ ವರ್ಷಕ್ಕೆ ಬರುವ ಪುಸ್ತಕಗಳಲ್ಲಿ ಇಂಥವೇ ಹೆಚ್ಚು.

ಹದಿಮೂರು ಫಾರಂ

208 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. 18x23 ಇಂಚಿನ ಡೆಮಿ ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿ ಮೂರು ಸಲ ಮಡಚಿದರೆ 16 ಪುಟ. ಮುದ್ರಣಾಲಯದವರ ಮಾತಿನಲ್ಲಿ ಒಂದು ಫಾರಂ. ಹಸ್ತಪ್ರತಿ 200 ಪುಟಕ್ಕೆ ನಿಂತರೆ ಹನ್ನೆರಡೂವರೆ ಫಾರಂ ಆಗುತ್ತದೆ. ಅರ್ಧ ಫಾರಂ ಯಾರಿಗೂ ಬೇಡದ ಕೆಲಸ. ಹಾಗಾಗಿ ಇನ್ನೊಂದು ಮುನ್ನುಡಿ, ಲೇಖಕರ ಇತರ ಕೃತಿಗಳ ಪಟ್ಟಿ, ಎರಡು ಖಾಲಿ ಹಾಳೆ ಸೇರಿಸಿ ಹದಿಮೂರು ಫಾರಂಗೆ ಸಮ ಮಾಡುತ್ತಾರೆ. ಕನ್ನಡ ಪುಸ್ತಕಗಳಿಗೆ ಎರಡೆರಡು ಮುನ್ನುಡಿ ಇರುವುದಕ್ಕೆ ವಿಮರ್ಶೆಯ ಕಾರಣ ಒಂದೇ ಅಲ್ಲ, ಫಾರಂನ ಕಾರಣವೂ ಉಂಟು.

500 ಪ್ರತಿಗೆ 6,500 ಹಾಳೆ, ಅಂದರೆ 13 ರೀಮು. ಯಂತ್ರ ಸರಿಹೊಂದುವ ತನಕ ಕೆಡುವ ಹಾಳೆಗಳಿಗೆಂದು ಮೇಲೆ ಮುಕ್ಕಾಲು ರೀಮು. ಪುಟಗಳನ್ನು ಲೋಹದ ಪ್ಲೇಟಿಗೆ ಇಳಿಸಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು 300 ಪ್ರತಿಗೂ ಅಷ್ಟೇ, 3,000 ಪ್ರತಿಗೂ ಅಷ್ಟೇ. ಹಿಂದೆ 1,000 ಪ್ರತಿ ಹಾಕುವುದು ವಾಡಿಕೆಯಾಗಿದ್ದುದು ಇದಕ್ಕೇ. ಡಿಜಿಟಲ್ ಮುದ್ರಣ ಬಂದ ಮೇಲೆ 100 ಪ್ರತಿಯನ್ನೂ ಹಾಕಿಸಬಹುದು. ಪುಟದ ದರ ಆಫ್‌ಸೆಟ್‌ಗಿಂತ ಜಾಸ್ತಿ ಬಿದ್ದರೂ ಗೋದಾಮಿನಲ್ಲಿ ಗೆದ್ದಲು ಹಿಡಿಯುವ ಪ್ರತಿಗಳು ಕಡಿಮೆ. ಒಟ್ಟು ಲೆಕ್ಕದಲ್ಲಿ ಇದು ಒಳ್ಳೆಯ ಬದಲಾವಣೆಯೇ.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಕಾಗದಕ್ಕೆ ಇದೆ, ಅಚ್ಚಿನ ಕೆಲಸಕ್ಕೆ ಇದೆ. ಬೇರೆ ವ್ಯಾಪಾರದಲ್ಲಾದರೆ ಕಚ್ಚಾ ಮಾಲಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಪುಸ್ತಕಕ್ಕೆ ಮಾರಾಟದ ತೆರಿಗೆಯೇ ಇಲ್ಲವಾದ್ದರಿಂದ ಮುರಿದುಕೊಳ್ಳಲು ಏನೂ ಇಲ್ಲ. ಕಟ್ಟಿದ್ದೆಲ್ಲ ಪುಸ್ತಕದ ಬೆಲೆಯೊಳಗೆ ಕೂರುತ್ತದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ದರಗಳಲ್ಲಿ ಶಾಲಾ ನೋಟ್‌ಬುಕ್ಕಿನ ತೆರಿಗೆ ಸೊನ್ನೆಯಾಯಿತು, ಅದಕ್ಕೆ ಬಳಸುವ ಕಾಗದಕ್ಕೂ ಸೊನ್ನೆ. ಪುಸ್ತಕ ಅಚ್ಚು ಹಾಕುವ ಕಾಗದ ಮಾತ್ರ ಶೇ 12ರಿಂದ ಶೇ 18ಕ್ಕೆ ಏರಿತು. ಬರೆಯುವ ಹಾಳೆಗೆ ವಿನಾಯಿತಿ, ಓದುವ ಹಾಳೆಗೆ ಏರಿಕೆ.

250 ರೂಪಾಯಿಯಲ್ಲಿ ಅಂಗಡಿಗೆ ಬಿಡುವ ರಿಯಾಯಿತಿ ಶೇ 40 ಎಂದರೆ 100 ಹೋಯಿತು. ಲೇಖಕರ ಗೌರವಧನ ಶೇ 10ರಂತೆ 25. ಉಳಿದ 125ರಲ್ಲಿ ಕಾಗದ, ಅಚ್ಚು, ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಮುಖಪುಟ, ಬೈಂಡಿಂಗ್, ಸಾಗಣೆ, ಮಾರಾಟವಾಗದೆ ಉಳಿಯುವ ಪ್ರತಿಗಳ ನಷ್ಟ. ಎಲ್ಲಿ ಉಳಿಸುವುದು? ಮೊದಲು ಕತ್ತರಿ ಬೀಳುವುದು ಕರಡು ತಿದ್ದುವವರ ಮೇಲೆ, ಆಮೇಲೆ ಬೈಂಡಿಂಗ್ ಮೇಲೆ. ಬಿಸಿ ಗೋಂದಿನ ಪರ್ಫೆಕ್ಟ್ ಬೈಂಡಿಂಗ್ ಅಗ್ಗ, ನೋಡಲೂ ಚಂದ. ಆದರೆ ಹತ್ತಾರು ಕೈ ದಾಟುವ ಗ್ರಂಥಾಲಯದ ಪ್ರತಿಗೆ ಅದು ತಕ್ಕುದಲ್ಲ. ಪುಸ್ತಕವನ್ನು ಅಗಲಿಸಿ ಮೇಜಿನ ಮೇಲೆ ಒತ್ತಿದಾಗ ಬೆನ್ನಿನ ಗೋಂದು ಸೀಳು ಬಿಡುತ್ತದೆ, ಮೊದಲು ನಡುವಿನ ಹಾಳೆಗಳು ಕಳಚುತ್ತವೆ. ಫಾರಂ ಫಾರಂ ದಾರದಿಂದ ಹೊಲಿದು ಆಮೇಲೆ ಗೋಂದು ಹಾಕಿದರೆ ಪ್ರತಿಗೆ ಕೆಲವೇ ರೂಪಾಯಿ ಹೆಚ್ಚು, ಬಾಳಿಕೆ ಹಲವು ಪಟ್ಟು. ಗ್ರಂಥಾಲಯಕ್ಕೆಂದೇ ನೂರಾರು ಪ್ರತಿ ಹೋಗುತ್ತವೆ ಎಂದು ಗೊತ್ತಿದ್ದೂ ಹೊಲಿಗೆ ಹಾಕಿಸುವವರು ಕಡಿಮೆ. ಯಾಕೆ ಎಂಬುದಕ್ಕೆ ಉತ್ತರ ಮುಂದಿನ ಹಂತದಲ್ಲಿದೆ.

ಸಗಟು ಖರೀದಿ

ನಮ್ಮ 500 ಪ್ರತಿಗಳಲ್ಲಿ 300ರ ಮೇಲೆ ಪ್ರಕಾಶಕರು ಅಚ್ಚಿಗೆ ಮೊದಲೇ ಕಣ್ಣಿಟ್ಟಿರುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ, ಆಯ್ಕೆಯಾದ ಒಂದು ಶೀರ್ಷಿಕೆಗೆ 300 ಪ್ರತಿ ಎಂಬುದು ಹಲವು ವರ್ಷಗಳ ರೂಢಿ. ನಡೆಯುವುದು ಹೀಗೆ: ಪುಸ್ತಕ ಆ ಕ್ಯಾಲೆಂಡರ್ ವರ್ಷದಲ್ಲೇ ಮೊದಲ ಮುದ್ರಣ ಕಂಡಿರಬೇಕು, ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗದಲ್ಲಿ ನೋಂದಣಿಯಾಗಿರಬೇಕು, ಪ್ರಕಟಣೆ ಹೊರಟಾಗ ಮಾದರಿ ಪ್ರತಿಯೊಂದಿಗೆ ಅರ್ಜಿ ಹಾಕಬೇಕು, ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ, ಆದೇಶ ಬಂದ ಮೇಲೆ ಜಿಲ್ಲೆ, ನಗರಗಳ ಗ್ರಂಥಾಲಯಗಳಿಗೆ ಕಂತೆ ಕಟ್ಟಿ ಕಳಿಸಿ, ಸ್ವೀಕೃತಿ ಪಡೆದು, ಬಿಲ್ಲು ಸಲ್ಲಿಸಿ ಕಾಯಬೇಕು. ಒಂದು ವರ್ಷದ ಪುಸ್ತಕದ ಆಯ್ಕೆ ಎರಡು ಮೂರು ವರ್ಷ ತಡವಾಗಿ ನಡೆಯುವುದು ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ. ಸಾಲ ಮಾಡಿ ಅಚ್ಚು ಹಾಕಿಸಿದವರಿಗೆ ಆ ಅವಧಿಯ ಬಡ್ಡಿಯೇ ಲಾಭವನ್ನು ನುಂಗುತ್ತದೆ.

ಇದರಲ್ಲಿ ಹೆಚ್ಚು ಕೆಡುಕು ಮಾಡಿರುವುದು ತಡ ಅಲ್ಲ, ಪುಟದರ. ಇಲಾಖೆ ಮುಖಬೆಲೆ ನೋಡುವುದಿಲ್ಲ. ಪುಸ್ತಕದ ಅಳತೆಗೆ ತಕ್ಕ ಹಾಗೆ ಪುಟಕ್ಕೆ ಇಷ್ಟು ಪೈಸೆ ಎಂದು ಕಟ್ಟುತ್ತದೆ. ದರ 80 ಪೈಸೆ ಎಂದು ಇಟ್ಟುಕೊಂಡು ನೋಡಿ. ನಮ್ಮ ಕಾದಂಬರಿಗೆ 166 ರೂಪಾಯಿ 40 ಪೈಸೆ. ಹೊಲಿಗೆ ಹಾಕಿಸಿದರೂ ಅಷ್ಟೇ, ಗೋಂದು ಹಚ್ಚಿದರೂ ಅಷ್ಟೇ. ಮೂರು ಸಲ ಕರಡು ತಿದ್ದಿಸಿದರೂ ಅಷ್ಟೇ, ಒಂದು ಸಲವೂ ತಿದ್ದಿಸದಿದ್ದರೂ ಅಷ್ಟೇ. ಪುಟಕ್ಕೆ ದುಡ್ಡು ಎಂದ ಮೇಲೆ ಪುಟ ಹೆಚ್ಚಿಸುವುದೇ ಜಾಣತನ. ಅಕ್ಷರದ ಗಾತ್ರ 12ರಿಂದ 14ಕ್ಕೆ ಏರುತ್ತದೆ, ಸಾಲುಗಳ ನಡುವೆ ಗಾಳಿಯಾಡುತ್ತದೆ, ಪ್ರತಿ ಅಧ್ಯಾಯವೂ ಬಲಪುಟದಿಂದಲೇ ಶುರುವಾಗುತ್ತದೆ. ಅರ್ಧ ಪುಟವೂ ತುಂಬದ ಕವಿತೆಗೆ ಈ ದರ ವರ. ಪದಪದಕ್ಕೂ ಆಕರ ನೋಡಿ ಮಾಡಿದ ನಿಘಂಟಿಗೆ ಶಾಪ. ಮಕ್ಕಳ ಚಿತ್ರಪುಸ್ತಕದ ಗತಿ ಇನ್ನೂ ಕಷ್ಟ: 24 ಪುಟ, ಆದರೆ ತಿಂಗಳುಗಟ್ಟಲೆ ಕೂತು ಚಿತ್ರ ಬರೆದವರ ಸಂಭಾವನೆ ಇದೆ. ಬಣ್ಣದ ಪುಟಕ್ಕೆ ಬೇರೆ ದರ ಇಟ್ಟರೂ ಆ ಸಂಭಾವನೆ ಯಾವ ಪುಟದ ಲೆಕ್ಕಕ್ಕೂ ಸಿಗುವುದಿಲ್ಲ. ಕನ್ನಡದಲ್ಲಿ ಒಳ್ಳೆಯ ಚಿತ್ರಪುಸ್ತಕ ಕಡಿಮೆ ಎಂದು ಕೊರಗುವವರು ಒಮ್ಮೆ ಈ ಗುಣಾಕಾರ ಮಾಡಿ ನೋಡಬೇಕು.

ಮೊದಲ ಮುದ್ರಣಕ್ಕೆ ಮಾತ್ರ ಎಂಬ ಷರತ್ತಿನ ಪರಿಣಾಮ ಬೇರೆ ಥರದ್ದು. ಮೂವತ್ತು ವರ್ಷದ ಹಿಂದೆ ಬಂದು ಜನ ಈಗಲೂ ಕೇಳುವ ಪುಸ್ತಕದ ಮರುಮುದ್ರಣ ಈ ಬಾಗಿಲಿನಿಂದ ಒಳಗೆ ಬರುವುದಿಲ್ಲ. ರ‍್ಯಾಕಿನಲ್ಲಿದ್ದ ಹಳೆಯ ಪ್ರತಿ ಹರಿದು ಹೋದರೆ ಆ ಜಾಗಕ್ಕೆ ಬರುವುದು ಅದೇ ಪುಸ್ತಕವಲ್ಲ, ಯಾರೂ ಕೇಳದ ಹೊಸದು. ಹೊಸ ಪುಸ್ತಕಗಳಿಗಂತೂ ಡಿಸೆಂಬರ್ ಸುಗ್ಗಿ. ವರ್ಷ ಮುಗಿಯುವ ಮೊದಲು ಇಸವಿ ಹಾಕಿ ಅಚ್ಚು ಮುಗಿಸುವ ಅವಸರದಲ್ಲಿ ಒಳಪುಟಗಳು ಹೇಗಿರುತ್ತವೆ ಎಂಬುದು ಕರಡು ತಿದ್ದುವವರಿಗೆ ಗೊತ್ತು.

ಈ ವ್ಯವಸ್ಥೆ ಪ್ರಕಾಶನವನ್ನು ಉಳಿಸಿದೆ ಎಂಬುದನ್ನು ಅಲ್ಲಗಳೆಯಲಾಗದು. 300 ಪ್ರತಿಯ ಭರವಸೆ ಇಲ್ಲದಿದ್ದರೆ ಎಷ್ಟೋ ಸಂಶೋಧನಾ ಗ್ರಂಥಗಳು ಅಚ್ಚಿಗೇ ಹೋಗುತ್ತಿರಲಿಲ್ಲ. ಆದರೆ ಕೊಳ್ಳುವವರು ಒಬ್ಬರೇ ಆದಾಗ ಮಾಲು ಅವರ ಅರ್ಜಿ ನಮೂನೆಗೆ ತಕ್ಕ ಹಾಗೆ ರೂಪ ತಾಳುತ್ತದೆ. ಓದುಗರಿಗೆ ಇಷ್ಟವಾಗುವುದೋ ಇಲ್ಲವೋ ಎಂಬ ಪ್ರಶ್ನೆ 300ನೇ ಪ್ರತಿಯ ತನಕ ಏಳುವುದೇ ಇಲ್ಲ.

ಕೇರಳದಲ್ಲಿ ದಾರಿ ಬೇರೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಊರೂರಿನ ಗ್ರಂಥಾಲಯಗಳು ಈಗ ಲೈಬ್ರರಿ ಕೌನ್ಸಿಲ್ ಅಡಿಯಲ್ಲಿವೆ. ಕೌನ್ಸಿಲ್ ಅವುಗಳಿಗೆ ದರ್ಜೆ ಕೊಟ್ಟು, ಅದರಂತೆ ಅನುದಾನ ಕೊಡುತ್ತದೆ. ಜಿಲ್ಲೆಗೊಂದು ಪುಸ್ತಕೋತ್ಸವ ನಡೆಯುತ್ತದೆ. ಗ್ರಂಥಾಲಯದವರು ಅನುದಾನ ಹಿಡಿದು ಬಂದು, ಮಳಿಗೆ ಮಳಿಗೆ ಸುತ್ತಿ, ತಮ್ಮೂರಿನವರು ಕೇಳಿದ ಪುಸ್ತಕವನ್ನು ತಾವೇ ಆರಿಸುತ್ತಾರೆ. ಪ್ರಕಾಶಕರು ಅಲ್ಲಿ ಒಂದು ಸಮಿತಿಯನ್ನು ಒಪ್ಪಿಸಿದರೆ ಸಾಲದು, ಸಾವಿರಾರು ಗ್ರಂಥಾಲಯಗಳನ್ನು ಒಪ್ಪಿಸಬೇಕು.

ರಸೀದಿಯ ಆರು ಪೈಸೆ

ಖರೀದಿಗೆ ದುಡ್ಡಿಲ್ಲ ಎಂಬ ಮಾತನ್ನು ನಂಬುವ ಮೊದಲು ಮನೆ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಗ್ರಂಥಾಲಯಗಳಿಗೆ ಸ್ವಂತ ಆದಾಯವನ್ನೇ ಕೊಟ್ಟಿದೆ: ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ. ಬೆಂಗಳೂರಿನ ಆಸ್ತಿ ತೆರಿಗೆಯ ಮೇಲೆ ಬಹುಕಾಲ ಬೀಳುತ್ತ ಬಂದ ಶೇ 24ರ ಸೆಸ್ ಒಡೆದರೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3. ತೆರಿಗೆ 10,000 ರೂಪಾಯಿ ಇದ್ದರೆ ಅದರ ಮೇಲೆ 600 ರೂಪಾಯಿ ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತೀರಿ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಕೊಟ್ಟಿದ್ದಾರೆ.

ಸೆಸ್ ಸೇರಿ ಒಂದು ವರ್ಷಕ್ಕೆ 4,000 ಕೋಟಿ ರೂಪಾಯಿ ಸಂಗ್ರಹವಾಯಿತು ಎಂದುಕೊಂಡರೆ, ಮೂಲ ತೆರಿಗೆ ಸುಮಾರು 3,226 ಕೋಟಿ; ಅದರ ಶೇ 6 ಎಂದರೆ 193 ಕೋಟಿ. ಒಂದೇ ಊರಿನಿಂದ, ಒಂದೇ ವರ್ಷಕ್ಕೆ. ಈ ದುಡ್ಡು ವಸೂಲಾಗುವುದು ಪಾಲಿಕೆಯ ಖಾತೆಗೆ. ಪಾಲಿಕೆ ಅದನ್ನು ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ಕೆಡುವುದು ಇಲ್ಲೇ. ಆನ್‌ಲೈನಿನಲ್ಲಿ ತೆರಿಗೆ ಕಟ್ಟಿದ ಕ್ಷಣದಲ್ಲೇ 6 ಪೈಸೆಯನ್ನು ಬೇರೆ ಖಾತೆಗೆ ತಿರುಗಿಸುವುದು ಈ ಕಾಲದಲ್ಲಿ ಕಷ್ಟದ ಕೆಲಸವೇನಲ್ಲ. ಹಾಗೆ ಮಾಡದೆ ಇಡೀ ಮೊತ್ತ ಪಾಲಿಕೆಯ ಕೈಯಲ್ಲಿ ಉಳಿದರೆ ಗುತ್ತಿಗೆದಾರರ ಬಿಲ್ಲು, ಸಂಬಳ, ರಸ್ತೆ ಗುಂಡಿಗಳ ನಡುವೆ ಗ್ರಂಥಾಲಯದ ಸರದಿ ಕೊನೆಗೆ ಬರುತ್ತದೆ. ಬಿಬಿಎಂಪಿ ಉಳಿಸಿಕೊಂಡ ಗ್ರಂಥಾಲಯ ಕರದ ಬಾಕಿ ನೂರಾರು ಕೋಟಿ ಎಂಬ ಸುದ್ದಿ ಬರುತ್ತಲೇ ಇದ್ದುದು ಹೀಗೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ ಒಡೆಯಿತು. ಒಂದು ಪಾಲಿಕೆಯಿಂದ ವಸೂಲು ಮಾಡಲಾಗದ ಬಾಕಿಯನ್ನು ಇನ್ನು ಮುಂದೆ ಐದು ಕಡೆ ಕೇಳಬೇಕು.

ಜಿಲ್ಲೆಗಳ ಪಾಡು ಇದಕ್ಕಿಂತ ವಿಚಿತ್ರ. ಜಿಲ್ಲಾ ಗ್ರಂಥಾಲಯ ನಿಧಿಗೆ ಸರ್ಕಾರ ಭೂಕಂದಾಯದ ಶೇ 3ರಷ್ಟು ಕೊಡಬೇಕೆಂದು ಕಾಯ್ದೆ ಬರೆದರು. ಬರೆದ ಕಾಲಕ್ಕೆ ಭೂಕಂದಾಯ ಲೆಕ್ಕಕ್ಕೆ ಬರುವ ಆದಾಯ. ಇವತ್ತು ಅದು ಚಿಲ್ಲರೆ, ಚಿಲ್ಲರೆಯ ಶೇ 3 ಎಷ್ಟಾದೀತು?

ಯಾರು ಬೇಕಾದರೂ ಮಾಹಿತಿ ಹಕ್ಕಿನಲ್ಲಿ ತಮ್ಮ ಪುರಸಭೆಗೋ ಪಾಲಿಕೆಗೋ ಮೂರು ಪ್ರಶ್ನೆ ಕಳಿಸಬಹುದು: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಿದ್ದು ಎಷ್ಟು, ಯಾವ ತಾರೀಖಿನಂದು. ‘ಗ್ರಂಥಾಲಯಕ್ಕೆ ಏನು ಮಾಡಿದ್ದೀರಿ’ ಎಂದು ಕೇಳಿದರೆ ಪೇಂಟು ಹೊಡೆಸಿದ ಫೋಟೊ ಬರುತ್ತದೆ. ಪ್ರಶ್ನೆಯಲ್ಲಿ ತಾರೀಖು ಇರಲೇಬೇಕು.

ಅಂಚೆಯ ತಕ್ಕಡಿ

ಇಲಾಖೆ ಬೇಡ, ನೇರವಾಗಿ ಓದುಗರಿಗೇ ಕಳಿಸೋಣ ಎಂದು ಹೊರಟ ಸಣ್ಣ ಪ್ರಕಾಶಕರು ಕನ್ನಡದಲ್ಲಿ ಈಗ ಬೇಕಾದಷ್ಟಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ದುಡ್ಡು, ಅಂಚೆಯಲ್ಲಿ ಪುಸ್ತಕ. ಪುಸ್ತಕದಂಗಡಿ ಇಲ್ಲದ ತಾಲ್ಲೂಕುಗಳಲ್ಲಿರುವ ಓದುಗರಿಗೆ ಇದೇ ಅಂಗಡಿ.

ಈ ವ್ಯಾಪಾರ ನಿಂತಿದ್ದುದು ನೋಂದಾಯಿತ ಬುಕ್‌ಪೋಸ್ಟ್ ಮೇಲೆ. ಒಳಗೆ ಪುಸ್ತಕವಲ್ಲದೆ ಬೇರೇನೂ ಇಲ್ಲ ಎಂದು ಅಂಚೆಯವರು ನೋಡುವಂತೆ ತುದಿ ತೆರೆದು ಕಟ್ಟಿದ ಪೊಟ್ಟಣಕ್ಕೆ 1 ಕಿಲೋವರೆಗೆ 32 ರೂಪಾಯಿ, 5 ಕಿಲೋವರೆಗೆ 80 ರೂಪಾಯಿ ಆಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಆ ವರ್ಗವನ್ನೇ ತೆಗೆದುಹಾಕಿತು. ಅದೇ 1 ಕಿಲೋ ಪೊಟ್ಟಣಕ್ಕೆ ಮಾಮೂಲಿ ರಿಜಿಸ್ಟರ್ಡ್ ದರ ಆಗ 78 ರೂಪಾಯಿ ಇತ್ತು. 250 ರೂಪಾಯಿಯ ಪುಸ್ತಕಕ್ಕೆ ಶೇ 10 ರಿಯಾಯಿತಿ ಕೊಟ್ಟು, ‘ಅಂಚೆ ವೆಚ್ಚ ನಮ್ಮದು’ ಎಂದು ಹೇಳಿಕೊಂಡಿದ್ದವರಿಗೆ ಒಂದೇ ದಿನದಲ್ಲಿ ಲೆಕ್ಕ ತಲೆಕೆಳಗಾಯಿತು.

2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಂವರೆಗೆ 20 ರೂಪಾಯಿ, ಅಲ್ಲಿಂದ ತೂಕಕ್ಕೆ ತಕ್ಕಂತೆ ಏರುತ್ತ 5 ಕಿಲೋಗೆ 100 ರೂಪಾಯಿ; ತೆರಿಗೆ ಪ್ರತ್ಯೇಕ. ಹೋಗುವುದು ರಸ್ತೆ, ರೈಲಿನ ಮೂಲಕ ಮಾತ್ರ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಕೂಡದು, ನಿಯತಕಾಲಿಕಗಳಿಗೆ ಇದು ಸಿಗದು. ಅಂದರೆ ಸಾಹಿತ್ಯದ ಮಾಸಪತ್ರಿಕೆಗಳು ಹೊರಗೇ ಉಳಿದವು.

ಈಗ ನಮ್ಮ ಕಾದಂಬರಿಯನ್ನು ತಕ್ಕಡಿಗೆ ಹಾಕೋಣ. 5.5x8.5 ಇಂಚಿಗೆ ಅಂಚು ಕತ್ತರಿಸಿದ 104 ಹಾಳೆ, 70 ಜಿಎಸ್‌ಎಂ: 220 ಗ್ರಾಂ. 300 ಜಿಎಸ್‌ಎಂ ರಟ್ಟಿನ ಮುಖಪುಟ: 19 ಗ್ರಾಂ. ಒಟ್ಟು 240ರ ಆಸುಪಾಸು. ಕಂದು ಕಾಗದ, ಪ್ಲಾಸ್ಟಿಕ್ ಹೊದಿಕೆ, ಟೇಪು, ವಿಳಾಸದ ಚೀಟಿಗೆ 25ರಿಂದ 30 ಗ್ರಾಂ. 270ರಲ್ಲಿ ನಿಂತಿತು, 20 ರೂಪಾಯಿಗೆ ಪಾಸು. ಅದೇ ಪುಸ್ತಕವನ್ನು 80 ಜಿಎಸ್‌ಎಂ ಕಾಗದದಲ್ಲಿ ಹಾಕಿಸಿದ್ದರೆ ಪುಸ್ತಕವೇ 270 ಗ್ರಾಂ. ಟೇಪು ಒಂದು ಸುತ್ತು ಹೆಚ್ಚಾದರೆ ಗೆರೆ ದಾಟುತ್ತದೆ. 70 ಜಿಎಸ್‌ಎಂನಲ್ಲೇ 256 ಪುಟಕ್ಕೆ ಬೆಳೆದರೆ ಪುಸ್ತಕವೇ 290 ಮುಟ್ಟುತ್ತದೆ, ಪೊಟ್ಟಣ ಕಟ್ಟಿದ ಮೇಲೆ ಮುಂದಿನ ದರ. ಸಗಟು ಖರೀದಿ ‘ಪುಟ ಹೆಚ್ಚಿಸು’ ಎನ್ನುತ್ತದೆ, ಅಂಚೆಯ ತಕ್ಕಡಿ ‘ಪುಟ ಇಳಿಸು’ ಎನ್ನುತ್ತದೆ. ಅಂಚೆಯನ್ನೇ ನಂಬಿದವರು ಅಚ್ಚಿಗೆ ಕೊಡುವ ಮೊದಲೇ ತೂಕ ಲೆಕ್ಕ ಹಾಕುವುದು ಒಳ್ಳೆಯದು. ಖಾಲಿ ಪುಟಗಳ ಡಮ್ಮಿ ಕೇಳಿದರೆ ಮುದ್ರಣಾಲಯದವರು ಮಾಡಿಕೊಡುತ್ತಾರೆ.

ಕಾಯರ್ಕ್ರಮ

ಇ-ಪುಸ್ತಕಕ್ಕೆ ತೂಕವಿಲ್ಲ, ಅಂಚೆಯಿಲ್ಲ, ಗೋದಾಮಿಲ್ಲ. ಹಾಗಿದ್ದೂ ಕನ್ನಡದ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಇ-ಪುಸ್ತಕವಾಗಿ ಸಿಗದಿರುವುದಕ್ಕೆ ಕಾರಣ ಓದುಗರೂ ಅಲ್ಲ, ಲೇಖಕರೂ ಅಲ್ಲ. ಒಂದು ಅರ್ಕಾವತ್ತು.

ದಶಕಗಳ ಕಾಲ ಕನ್ನಡ ಪುಸ್ತಕಗಳ ಅಕ್ಷರ ಜೋಡಣೆ ನಡೆದದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ನುಡಿ, ಬರಹ, ಶ್ರೀಲಿಪಿಗಳ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ. ಆ ಫಾಂಟುಗಳು ಅಕ್ಷರವನ್ನು ಉಚ್ಚಾರದಂತೆ ಇಡುವುದಿಲ್ಲ, ಕಣ್ಣಿಗೆ ಕಾಣುವಂತೆ ತುಂಡು ತುಂಡಾಗಿ ಇಡುತ್ತವೆ. ‘ಕಾರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ‘ಯ’, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ‘ರ್’, ಆಮೇಲೆ ‘ಯ’. ಪರಿವರ್ತಿಸುವ ತಂತ್ರಾಂಶ ಅರ್ಕಾವತ್ತನ್ನು ಹಿಂದಕ್ಕೆ ಎಳೆದು ಸರಿಯಾದ ಜಾಗದಲ್ಲಿ ಕೂರಿಸಬೇಕು. ಕೂರಿಸದಿದ್ದರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’, ‘ಸೂರ್ಯ’ ಹೋಗಿ ‘ಸೂಯರ್’. ಸರ್ಕಾರಿ ಜಾಲತಾಣಗಳಲ್ಲಿ ‘ಕಾಯರ್’ ಓದಿ ನಕ್ಕವರಿಗೆ ಇದರ ಪರಿಚಯ ಇದ್ದೇ ಇದೆ.

ಒಂದು ಹಳೆಯ ಪುಸ್ತಕವನ್ನು ಇ-ಪುಸ್ತಕ ಮಾಡಲು ಮೊದಲು ಆ ಕಡತ ತೆರೆಯುವ ಕಂಪ್ಯೂಟರ್ ಬೇಕು. ಪಠ್ಯ ಹೊರತೆಗೆದು ಯೂನಿಕೋಡ್‌ಗೆ ತಿರುಗಿಸಬೇಕು. ಅರ್ಕಾವತ್ತು ಮತ್ತು ಎರಡು ಒತ್ತಿರುವ ಅಕ್ಷರಗಳನ್ನು (‘ಶಾಸ್ತ್ರ’, ‘ವಸ್ತ್ರ’) ಹುಡುಕಿ ನೋಡಬೇಕು. ಪೇಜ್‌ಮೇಕರ್ ಸಾಲಿನ ಕೊನೆಯಲ್ಲಿ ಮುರಿದ ಪದಗಳ ಅಡ್ಡಗೆರೆ ತೆಗೆಯಬೇಕು. ಆಮೇಲೆ ಮೊದಲ ಪುಟದಿಂದ ಕೊನೆಯವರೆಗೆ ಮತ್ತೆ ಕರಡು. ಪುಟಕ್ಕೆ ಹತ್ತೇ ತಪ್ಪು ಎಂದರೂ ನಮ್ಮ ಕಾದಂಬರಿಯಲ್ಲಿ 2,080. ಪ್ರಕಾಶಕರ ಬಳಿ ಕಡತವೇ ಇಲ್ಲ, ಜೋಡಣೆ ಮಾಡಿದವರ ಹಾರ್ಡ್‌ಡಿಸ್ಕ್ ಕೆಟ್ಟಿದೆ ಎಂದಾದರೆ ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ), ಕೆಲಸ ಇನ್ನಷ್ಟು. ಇಷ್ಟೆಲ್ಲ ಆದ ಮೇಲೆ ಇ-ಪುಸ್ತಕಕ್ಕೆ ಶೇ 5 ಜಿಎಸ್‌ಟಿ ಬೇರೆ, ಅದೂ ಅಚ್ಚಿನ ಆವೃತ್ತಿ ಇದ್ದರೆ. ಮಾರುಕಟ್ಟೆಯೂ ಕನ್ನಡಕ್ಕೆ ತಡವಾಗಿಯೇ ತೆರೆಯಿತು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳ ಅಂಗಡಿ ತೆರೆದಾಗ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಖಾಲಿ ಬಿಟ್ಟ ಜಾಗವನ್ನು ಟೆಲಿಗ್ರಾಂ ಗುಂಪುಗಳ ಕಳ್ಳ ಪಿಡಿಎಫ್ ತುಂಬಿತು. ಅದು ತಪ್ಪೇ. ಆದರೆ ಆ ಪಿಡಿಎಫ್‌ಗೆ ಮುಗಿಬೀಳುವವರನ್ನು ‘ಓದದ ಜನ’ ಎಂದು ಕರೆಯುವುದು ಹೇಗೆ?

ಹೊಸದಾಗಿ ಜೋಡಿಸುವ ಪುಸ್ತಕಗಳಿಗೆ ಈ ತಲೆನೋವು ಬೇಕಿಲ್ಲ. ಇನ್‌ಡಿಸೈನ್‌ನಂಥ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟಿನಲ್ಲೇ ಜೋಡಿಸಿ ಎಂದು ಮೊದಲ ದಿನವೇ ಹೇಳಿ, ಅಚ್ಚಿನ ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆದರೆ ಸಾಕು. ಹೆಚ್ಚಿನವರು ಪಿಡಿಎಫ್ ಪಡೆದು ಸುಮ್ಮನಾಗುತ್ತಾರೆ.

ಬೀರುವಿನ ಬೀಗ

ಕಡೆಯ ಹಂತ, ಊರಿನ ಗ್ರಂಥಾಲಯ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಸಂಖ್ಯೆ 5,600ಕ್ಕೂ ಹೆಚ್ಚು. 300 ಪ್ರತಿಯೂ ಇವಕ್ಕೇ ಹಂಚಿದರೂ ಹದಿನೆಂಟು ಹತ್ತೊಂಬತ್ತು ಪಂಚಾಯಿತಿಗೆ ಒಂದು ಪುಸ್ತಕ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ‘ಅರಿವು ಕೇಂದ್ರ’ ಎಂಬ ಹೆಸರು ಬಂತು, ಗೋಡೆಗೆ ಬಣ್ಣ ಬಂತು, ಹಲವೆಡೆ ಕಂಪ್ಯೂಟರ್ ಬಂದವು. ಮೂಲೆ ಸೇರಿದ್ದ ಕೊಠಡಿಗಳು ಊರಿನ ಕಣ್ಣಿಗೆ ಬಿದ್ದದ್ದು ದೊಡ್ಡ ಬದಲಾವಣೆ. ಕರ್ನಾಟಕದ ಗ್ರಂಥಾಲಯಗಳ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಪುಸ್ತಕಗಳ ವಿಷಯಕ್ಕೆ ಬಂದರೆ ಲೆಕ್ಕ ಸಣ್ಣದು. ಪಂಚಾಯಿತಿ ವರ್ಷಕ್ಕೆ 10 ಲಕ್ಷ ಮನೆ ತೆರಿಗೆ ವಸೂಲು ಮಾಡಿದರೆ ಗ್ರಂಥಾಲಯ ಕರ 60,000. ನಾಲ್ಕು ದಿನಪತ್ರಿಕೆ, ಸರಾಸರಿ 6 ರೂಪಾಯಿಯಂತೆ ವರ್ಷಕ್ಕೆ 8,760. ಕರೆಂಟು, ಇಂಟರ್‌ನೆಟ್, ರಿಪೇರಿ ಕಳೆದು 30,000 ಉಳಿದರೂ 150ರಿಂದ 200 ಪುಸ್ತಕ ಬರುತ್ತವೆ. ಮಕ್ಕಳ ತೆಳು ಪುಸ್ತಕಗಳಾದರೆ ಇನ್ನೂ ಹೆಚ್ಚು. ಇದು ಕಡಿಮೆ ಅಲ್ಲ, ಆರಿಸುವ ಹಕ್ಕು ಗ್ರಂಥಾಲಯ ಮೇಲ್ವಿಚಾರಕರ ಕೈಯಲ್ಲಿದ್ದರೆ. ದಾನದ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ: ‘ಪುಸ್ತಕ ಜೋಳಿಗೆ’ಗೆ ಬೀಳುವ ಹತ್ತರಲ್ಲಿ ಆರು ಹಳೆಯ ಪಠ್ಯ, ಮುಗಿದು ಹೋದ ಪರೀಕ್ಷೆಗಳ ಗೈಡು, ಯಾರದೋ ಅಭಿನಂದನ ಗ್ರಂಥ ಆಗಿದ್ದರೆ, ರ‍್ಯಾಕು ತುಂಬಿದಂತೆ ಕಂಡರೂ ಹುಡುಕಿ ಬಂದ ಮಗು ಬರಿಗೈಲಿ ಹೋಗುತ್ತದೆ. ಬೇಡ ಎನ್ನುವ ಧೈರ್ಯವೂ ಸಂಗ್ರಹದ ಭಾಗ.

ನಗರಗಳಲ್ಲಿ ಗ್ರಂಥಾಲಯ ಖಾಲಿ ಇಲ್ಲ, ತುಂಬಿ ತುಳುಕುತ್ತಿದೆ. ಬಾಗಿಲು ತೆರೆಯುವ ಮೊದಲೇ ಬ್ಯಾಗು ಹಿಡಿದು ನಿಂತವರು ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಯ ಅಭ್ಯರ್ಥಿಗಳು. ಪುಸ್ತಕ ಅವರದೇ. ಗ್ರಂಥಾಲಯದಿಂದ ಅವರಿಗೆ ಬೇಕಾದ್ದು ಕುರ್ಚಿ, ದೀಪ, ಫ್ಯಾನು, ಚಾರ್ಜಿಂಗ್ ಪಾಯಿಂಟು, ಶೌಚಾಲಯ. ಅದು ಸಿಗದವರಿಗಾಗಿ ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರದಲ್ಲಿ ತಿಂಗಳ ಬಾಡಿಗೆಯ ಖಾಸಗಿ ಓದುಕೋಣೆಗಳು ಸಾಲುಗಟ್ಟಿವೆ. ಇವರನ್ನು ‘ನಿಜವಾದ ಓದುಗರಲ್ಲ’ ಎಂದು ಮೂಗು ಮುರಿಯುವುದು ಅನ್ಯಾಯ. ಆದರೆ ಎಲ್ಲ ಮೇಜೂ ಅವರಿಗೇ ಹೋದರೆ ಮಕ್ಕಳಿಗೆ ಜಾಗವಿಲ್ಲ. ಹೊತ್ತು ಬೇರೆ ಮಾಡಬೇಕು, ಇಲ್ಲವೇ ಕೊಠಡಿ ಬೇರೆ ಮಾಡಬೇಕು.

ಇನ್ನು ಬೀರು. ಗಾಜಿನ ಬಾಗಿಲು, ಒಳಗೆ ಹೊಸ ಪುಸ್ತಕ, ಹೊರಗೆ ಬೀಗ. ಮೇಲ್ವಿಚಾರಕರನ್ನು ದೂರುವುದು ಸುಲಭ. ಅವರ ಹೆದರಿಕೆಗೆ ಕಾರಣ ಇದೆ. ಪುಸ್ತಕ ದಾಸ್ತಾನು ವಹಿಯಲ್ಲಿ ಕುರ್ಚಿ, ಬೆಂಚಿನ ಹಾಗೆ ಒಂದು ಆಸ್ತಿ. ಲೆಕ್ಕ ಪರಿಶೋಧನೆಯಲ್ಲಿ ನಾಲ್ಕು ಕಡಿಮೆ ಬಂದರೆ ಗೌರವಧನದಲ್ಲಿ ಕಟ್ಟಿಕೊಡಬೇಕಾದೀತು ಎಂಬ ಅಂಜಿಕೆ. ಎರವಲು ಕೊಟ್ಟದ್ದಕ್ಕೆ ಬಹುಮಾನವಿಲ್ಲ, ಕಳೆದದ್ದಕ್ಕೆ ದಂಡವಿದೆ ಎಂದಾಗ ಬುದ್ಧಿವಂತರು ಬೀಗ ಹಾಕುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ಹೆದರಿಕೆಗೆ ಮದ್ದು ಬರೆದಿವೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದರೆ, ಅದು ಸಹಜ ನಷ್ಟ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಗಮನಿಸಬೇಕಾದ್ದು ಭಾಜಕ: ನಷ್ಟವನ್ನು ಅಳೆಯುವುದು ಬೀರುವಿನಲ್ಲಿ ಎಷ್ಟಿವೆ ಎಂಬುದರ ಮೇಲಲ್ಲ, ಎಷ್ಟು ಕೊಟ್ಟಿರಿ ಎಂಬುದರ ಮೇಲೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ವಿನಾಯಿತಿ. ಇದು ಕೇಂದ್ರದ ಕಚೇರಿಗಳಿಗೆ ಬರೆದ ನಿಯಮ. ಪಂಚಾಯಿತಿ ಗ್ರಂಥಾಲಯಗಳಿಗೂ ಇಂಥದ್ದೇ ಒಂದು ಸುತ್ತೋಲೆ ಹೊರಟು ಪ್ರತಿ ಮೇಲ್ವಿಚಾರಕರ ಮೇಜಿನ ಗಾಜಿನಡಿ ಇದ್ದರೆ ಎಷ್ಟೋ ಬೀಗಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ‘ಪುಸ್ತಕ ಇರುವುದು ಬಳಕೆಗೆ’ ಎಂದು 1931ರಲ್ಲೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರ ಬರೆದ ಎಸ್.ಆರ್. ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ.

ನಿಮ್ಮೂರಿನ ಗ್ರಂಥಾಲಯ ಹೇಗಿದೆ ಎಂದು ತಿಳಿಯಲು ಸದಸ್ಯರ ಸಂಖ್ಯೆ, ಆ್ಯಪ್‌ನಲ್ಲಿ ನೋಂದಾಯಿಸಿದವರ ಸಂಖ್ಯೆ ಕೇಳಬೇಡಿ. ಬೀರು ತೆಗೆಸಿ, ಕಳೆದ ವರ್ಷ ಬಂದ ಹತ್ತು ಪುಸ್ತಕ ಕೈಗೆತ್ತಿಕೊಂಡು ಕೊನೆಯ ಹಾಳೆ ತಿರುಗಿಸಿ. ಅಲ್ಲಿ ದಿನಾಂಕದ ಚೀಟಿ ಅಂಟಿಸಿರಬೇಕು, ಪುಸ್ತಕ ಹೊರಗೆ ಹೋದ ಪ್ರತಿ ಸಲವೂ ಒಂದು ಮೊಹರು ಬಿದ್ದಿರಬೇಕು. ಚೀಟಿ ಇದ್ದು ಮೊಹರು ಇಲ್ಲದಿದ್ದರೆ ಆ ಪುಸ್ತಕದ ಆಯ್ಕೆ ತಪ್ಪಿದೆ. ಎಂಟು ಹತ್ತು ಮೊಹರು ಬಿದ್ದು ನಡುವಿನ ಹಾಳೆಗಳು ಕಳಚಿದ್ದರೆ ಬೈಂಡಿಂಗ್ ತಪ್ಪಿದೆ, ಅದನ್ನೇ ಇನ್ನೊಂದು ಪ್ರತಿ ತರಿಸಬೇಕು. ಚೀಟಿಯೇ ಅಂಟಿಸಿಲ್ಲವಾದರೆ ಅದು ಇನ್ನೂ ಗ್ರಂಥಾಲಯಕ್ಕೆ ಬಂದಿಲ್ಲ, ದಾಸ್ತಾನಿಗೆ ಮಾತ್ರ ಬಂದಿದೆ.